ಪೇಪರು

ಉಪ್ಪಳದ ಹೈವೇ ಬದಿಗೆ ಅಂದುಂಞಿಯವರ ವರ್ಕ್‌ಶಾಪು.
ಅಲ್ಲಿಂದ ಕಡಲು ಕಾಣಿಸದು. ಅದರ ಉಪ್ಪು ಮಾತ್ರ
ಪ್ರತಿ ಬಸ್ಸಿನ ಬಾಗಿಲಡಿಯಲ್ಲಿ ಕೂತು
ತಗಡನ್ನು ಬಿಸ್ಕತ್ತಿನ ಹಾಗೆ ತಿನ್ನುತ್ತಿರುತ್ತದೆ.

ಅಲ್ಲಿ ನನಗೆ ಆರು ತಿಂಗಳ ಟ್ರೈನಿಂಗು.
ಐಟಿಐಯ ಪುಸ್ತಕದಲ್ಲಿ ಹನ್ನೊಂದು ಪಾಠ,
ಬಟ್ಯಪ್ಪಣ್ಣನ ಬಳಿ ಒಂದೇ:
"ಕಣ್ಣು ಮುಚ್ಚು. ಹೆಬ್ಬೆರಳು ಇಡು. ಎಂತ ಸಿಕ್ಕಿತು?"
ಏನೂ ಇಲ್ಲ ಎಂದೆ.
"ಪ್ರೈಮರಿನ ಅಡಿಯಲ್ಲಿ ಒಂದು ಕೂದಲು ಉಂಟು. ಪುನಃ ಉಜ್ಜು."

ಎಂಬತ್ತರ ಪೇಪರು, ನೂರೆಂಬತ್ತು, ಮುನ್ನೂರಿಪ್ಪತ್ತು,
ನೀರು ಹಾಕಿ ಆರುನೂರು, ಮತ್ತೆ ಸಾವಿರ.
ನಂಬರು ಏರಿದಷ್ಟೂ ಒರಟು ಇಳಿಯುವ ಲೆಕ್ಕ
ಬೇರೆಲ್ಲೂ ನಾನು ಕಂಡಿಲ್ಲ.
ಇವತ್ತು ಬಂಪರು ಉಜ್ಜಿದೆ ಎಂದರೆ
ಅಮ್ಮನಿಗೆ ಬಂಪರೆಂದರೆ ಓಣಂ ಲಾಟರಿ:
"ಎಷ್ಟು ಬಂತು?"

ಆ ವರ್ಷ ಕಂಪೆನಿಯಿಂದ ಒಬ್ಬ ಬಂದ, ಇಸ್ತ್ರಿ ಅಂಗಿ.
ಪೇಪರು ಇರುವ ಪೇಂಟರು ಇಲ್ಲದಿದ್ದರೆ
ಇನ್ಶೂರೆನ್ಸಿನ ಕಾರು ಇಲ್ಲಿಗೆ ಕಳಿಸುವುದಿಲ್ಲ ಎಂದ.
"ಪೇಪರಾ? ಇಡೀ ಕಪಾಟು ಉಂಟಲ್ಲ" ಎಂದರು ಬಟ್ಯಪ್ಪಣ್ಣ.
ಅವನು ನಗಲಿಲ್ಲ.
ಅಂದುಂಞಿಯವರೂ ನಗಲಿಲ್ಲ.

ಹಾಗೆ ಐವತ್ತೆಂಟರ ಅವರೂ ಹತ್ತೊಂಬತ್ತರ ನಾನೂ
ಒಂದೇ ಬಸ್ಸಿನಲ್ಲಿ ಕಾಸರಗೋಡಿಗೆ, ಪರೀಕ್ಷೆಗೆ.
ಆ ಬಸ್ಸಿನ ಹಣೆಬರಹವೂ ಅವರದ್ದೇ ಕೈ.

ಪ್ರಾಕ್ಟಿಕಲಿಗೆ ಒಂದು ಡೋರು, ಗಾಯವಾದದ್ದು.
ಎರಡು ಮೂತಿಯ ಹೊಸ ಮಾಸ್ಕು ಕೊಟ್ಟರು.
ಮೂವತ್ತೈದು ವರ್ಷ ಒದ್ದೆ ಬೈರಾಸಿನೊಳಗೆ ಉಸಿರಾಡಿದವರು
ಅದನ್ನು ಹಾಕಿ, ತೆಗೆದು, ಒಳಗೆ ಇಣುಕಿ,
"ಇದರಲ್ಲಿ ಪೇಂಟಿನ ವಾಸನೆಯೇ ಇಲ್ಲ" ಎಂದರು,
ಯಾರ ಮೇಲೋ ದೂರು ಹೇಳುವ ಹಾಗೆ.
ಆಮೇಲೆ ಬಹಳ ಹೊತ್ತು ಕೆಮ್ಮಿದರು.
ಗೇಣಿನ ದೂರ ಕೆಡದ ಹಾಗೆ ಗನ್ನು ಆಡಿತು,
ಒಂದು ಪಟ್ಟಿಯ ಅರ್ಧದ ಮೇಲೆ ಇನ್ನೊಂದು ಪಟ್ಟಿ.
ಡೋರಿನಲ್ಲಿ ಎಕ್ಸಾಮಿನರರ ಮುಖ ಕಂಡಿತು,
ಹಲ್ಲಿನ ಸಂದಿ ಸಮೇತ.

ಥಿಯರಿ ಮಧ್ಯಾಹ್ನ. ಪ್ರಶ್ನೆ ಇಂಗ್ಲಿಷಿನಲ್ಲಿ, ಮಲೆಯಾಳದಲ್ಲಿ.
ಕನ್ನಡದ್ದು ಪ್ರಿಂಟಾಗಿ ಬಂದಿಲ್ಲವಂತೆ.
ನನಗೆ ಮಲೆಯಾಳ ಓದಲು ಬರುತ್ತಿತ್ತು,
ಬಂದ್ಯೋಡಿನ ಸ್ಟಾಪಿನಲ್ಲಿ ನಿಂತು ನಿಂತು
ಬಸ್ಸಿನ ಬೋರ್ಡುಗಳಿಂದ ಕಲಿತದ್ದು:
ಮೇಲೆ ಮಲೆಯಾಳ, ಕೆಳಗೆ ಕನ್ನಡ,
ಗೊತ್ತಿದ್ದದ್ದರ ಕೈ ಹಿಡಿದು ಗೊತ್ತಿಲ್ಲದ್ದು.
ಆ ಬೋರ್ಡುಗಳನ್ನು ಬರೆದವರು ನನ್ನ ಮುಂದಿನ ಬೆಂಚಿನಲ್ಲಿ
ಪ್ರಶ್ನೆಪತ್ರಿಕೆಯನ್ನು ದೂರ ಹಿಡಿದು, ಹತ್ತಿರ ಹಿಡಿದು
ಕೂತಿದ್ದರು.

ಆಗ ತಿಳಿಯಿತು.
ಅವರಿಗೆ ಅದೊಂದು ಜಿಲೇಬಿ, ಅದೊಂದು ಕೊಕ್ಕೆ,
ಆನೆಯ ಸೊಂಡಿಲು, ಮಗುಚಿಟ್ಟ ಚಟ್ಟಿ.
ಯಾರೋ ಚೀಟಿಯಲ್ಲಿ ಕೊಟ್ಟದ್ದನ್ನು ನೋಡಿ ನೋಡಿ ಎಳೆದದ್ದು,
ಒಂದೂ ತಪ್ಪದೆ.

ಕಿಟಕಿಯ ಗಾಳಿಗೆ ಅವರ ಹಾಳೆ ನನ್ನ ಕಡೆ ಮಗುಚಿತು.
ಮೊದಲ ಪ್ರಶ್ನೆಯನ್ನೇ ಬರೆದಿದ್ದರು,
ಬಾಲ್‌ಪೆನ್ನಿನಲ್ಲಿ, ಎಡಕ್ಕೆ ಬೆಳಕು, ಬಲಕ್ಕೆ ನೆರಳು ಕೊಟ್ಟು,
ಬಸ್ಸು ತಿರುವಿನಲ್ಲಿರುವಾಗಲೇ ಓದಬಹುದಾದಂತೆ:
ಬಣ್ಣದ ಮೈ ಕಿತ್ತಳೆ ಸಿಪ್ಪೆಯಂತಾಗಲು ಕಾರಣಗಳೇನು?

ಗನ್ನು ದೂರವಾದರೆ. ಪೇಂಟು ದಪ್ಪವಾದರೆ. ಗಾಳಿಯ ಒತ್ತಡ ಸಾಲದಿದ್ದರೆ.
ಅವರೇ ಹೇಳಿಕೊಟ್ಟದ್ದು, ಬೈದು.
ಬಗ್ಗಿ ಒಂದು ಮಾತು ಪಿಸುಗುಟ್ಟಿದರೆ ಸಾಕಿತ್ತು.
ನಾನು ಪೆನ್ನು ತೆಗೆದು
ಅದನ್ನೇ ನನ್ನ ಹಾಳೆಯಲ್ಲಿ ಬರೆದೆ.

ಈಗ ಇನ್ಶೂರೆನ್ಸಿನ ಕಾರುಗಳು ನನ್ನ ಹೆಸರಿಗೆ ಬರುತ್ತವೆ.
ಬಣ್ಣ ಅವರು ಹೊಡೆಯುತ್ತಾರೆ, ಸಹಿ ನಾನು.
ಸರ್ಟಿಫಿಕೇಟು ಬಂದ ದಿನ ಲ್ಯಾಮಿನೇಶನ್ ಮಾಡಿಸಿ
ಅವರ ಕೈಯಲ್ಲಿಟ್ಟೆ. ಓದಲು ಹೋಗಲಿಲ್ಲ.
ಕಣ್ಣು ಮುಚ್ಚಿ, ಹೆಬ್ಬೆರಳಿಟ್ಟು, ಮೂಲೆಯಿಂದ ಮೂಲೆಗೆ.
"ಗಾಳಿ ಉಂಟು ಇಲ್ಲಿ, ನಿನ್ನ ಹೆಸರಿನ ಬದಿಯಲ್ಲಿ.
ಮಳೆಗಾಲ ತಡೆಯಲಿಕ್ಕಿಲ್ಲ ಮಾರಾಯ್ತಿ."
ಅಂಗಿಯ ಪಿನ್ನು ತೆಗೆದು ಮೆಲ್ಲ ಚುಚ್ಚಿ
ಉಗುರಿನಿಂದ ಅದನ್ನು ತೂತಿನ ಕಡೆಗೆ ಒತ್ತಿದರು,
ಒತ್ತಿದರು.

"ಹೋಗು, ಆ ಡೋರು ಒಣಗಿತಾ ನೋಡು.
ಮುಟ್ಟಬೇಡ."