ಸೊನ್ನೆ ಪಾಯಿಂಟ್ ಎಂಟು

ಮೊದಲ ಕೆಲಸ ಚಿಕ್ಕಮಗಳೂರಿನಲ್ಲಿ,
ಕಾಫಿ ಪಲ್ಪರ್ ರಿಪೇರಿಯ ಷೆಡ್ಡು.
ಸಿಪ್ಪೆ ಬಿಡಬೇಕು, ಬೀಜಕ್ಕೆ ಉಗುರು ತಾಗಬಾರದು:
ಫೆಲಿಕ್ಸ್ ಮೇಸ್ತ್ರಿ ಕಲಿಸಿದ್ದು ಇಷ್ಟೇ,
ಉಳಿದದ್ದು ಬೈಗುಳ.

ಹದಿನೇಳು ವರ್ಷವಾಯಿತು. ಈಗ ಹಾಸನದಲ್ಲಿ
ಸಿರಿಂಜ್ ಪಂಪು ಮಾಡುತ್ತೇನೆ.
ಗಂಟೆಗೆ ಅರ್ಧ ಎಂಎಲ್;
ಹೆಬ್ಬೆರಳು ಗಾತ್ರದ ಮೋಟಾರು
ಕೂದಲೆಳೆಯಷ್ಟು ತಿರುಗಿ ನಿಲ್ಲಬೇಕು.
ಪರೀಕ್ಷೆಯ ಕಡತ ನನಗಿಂತ ತೂಕ.
ಎಲ್ಲ ಪಾಸು.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ.
ಗಾಜಿನ ಪೆಟ್ಟಿಗೆಯೊಳಗೆ ಒಂಬೈನೂರು ಗ್ರಾಂ ಮಗು,
ಹೆಸರಿನ್ನೂ ಇಲ್ಲ, ಚೀಟಿಯಲ್ಲಿ ‘ಬೇಬಿ ಆಫ್ ರುಕ್ಸಾನಾ’.
ಪಕ್ಕದಲ್ಲಿ ನನ್ನ ಪಂಪು.
ಅದರ ಚಿಲಕದ ಸಂದಿಗೆ
ಯಾರೋ ಮಡಚಿ ತುರುಕಿದ ಮಾತ್ರೆ ಡಬ್ಬಿಯ ರಟ್ಟು.

‘ಇಲ್ದಿದ್ರೆ ಸಡಿಲ ಆಯ್ತದೆ ಮೇಡಂ,
ರಾತ್ರಿಯೆಲ್ಲ ಸುಮ್ಸುಮ್ನೆ ಕೂಗ್ತದೆ,’
ಅಂದರು ಸಿಸ್ಟರ್ ಜಯಶೀಲಾ,
ದೂರಿನಂತಲ್ಲ, ನನ್ನನ್ನೇ ಸಮಾಧಾನ ಮಾಡುವಂತೆ.

ಆ ರಟ್ಟನ್ನು ಕೇಳಿ ಪಡೆದೆ,
ಬದಲಿಗೆ ಇನ್ನೊಂದು ಮಡಚಿಕೊಟ್ಟು.
ಮೇಜಿನ ಮೇಲೆ ಕ್ಯಾಲಿಪರ್‌ನ ಬಾಯಿಗಿಟ್ಟರೆ
ಸೊನ್ನೆ ಪಾಯಿಂಟ್ ಎಂಟು.

ಡ್ರಾಯಿಂಗ್ ತೆರೆದಿದೆ.
‘ಬದಲಾವಣೆಗೆ ಕಾರಣ’ ಎಂಬ ಖಾನೆಯಲ್ಲಿ
ಗೆರೆಯೊಂದು ಮಿನುಗುತ್ತ ಕಾಯುತ್ತಿದೆ.
‘ಸುಧಾರಣೆ’ ಎಂದು ಬರೆದೆ. ಅಳಿಸಿದೆ.
ಮೇಸ್ತ್ರಿ ಇದ್ದಿದ್ದರೆ
ಬೈದು ನಿಜ ಬರೆಸುತ್ತಿದ್ದರು.