ಆನೆಮರದ ದಾರಿ

ಮೋಟೆಲಿಗೆ ಬಂದವರು ಕೇಳುತ್ತಾರೆ: ಆನೆ ಎಲ್ಲಿ?
ಭೂಪಟದಲ್ಲಿ ಹೆಸರು ಓದಿ
ಹಿಂದಿನ ಸೀಟಿನ ಮಗುವಿಗೆ ಮಾತು ಕೊಟ್ಟುಬಿಟ್ಟಿರುತ್ತಾರೆ.
ಬೀಗದಕೈ ಕೊಡುತ್ತ ಹೇಳುತ್ತೇನೆ:
ಬೊರೇಗೊ ಸ್ಪ್ರಿಂಗ್ಸಿನಲ್ಲಿ ಆನೆಯಿಲ್ಲ, ಆನೆಮರ ಇದೆ.
ಟಾರು ಮುಗಿದ ಮೇಲೆ ಮರಳು, ಆಮೇಲೆ ನಡಿಗೆ,
ತಲೆಗೊಂದು ಗ್ಯಾಲನ್ ನೀರು ಒಯ್ಯಿರಿ.
ಮಗು ನನ್ನ ಕೈಯನ್ನೇ ನೋಡುತ್ತಿರುತ್ತದೆ.
ತಾಯಿ ಮಗುವನ್ನು ನೋಡುತ್ತಾಳೆ.
ನಾನು ಅಂಗಿಯ ತೋಳು ಕೆಳಗೆಳೆದುಕೊಳ್ಳುತ್ತೇನೆ,
ನೂರಾಹತ್ತು ಡಿಗ್ರಿಯಲ್ಲೂ ಉದ್ದ ತೋಳು.

ಹನ್ನೊಂದರ ವಯಸ್ಸಿಗೆ ಮೊಣಕೈಯಲ್ಲಿ ಶುರುವಾದದ್ದು,
ಒಂದು ರೂಪಾಯಿಯಗಲ.
ಈಗ ಬೆನ್ನಿನ ಮೇಲೆ ಒಂದು ದೇಶವೇ ಇದೆ,
ಗಡಿ ದಿನಾ ಬದಲಾಗುತ್ತದೆ.
ಎದ್ದ ಕೂಡಲೆ ಮೊದಲ ಕೆಲಸ
ಹಾಸಿಗೆಯ ಮೇಲೆ ಉದುರಿದ ನನ್ನನ್ನು
ಹೊರಗೊಯ್ದು ನಾನೇ ಕೊಡವಿ ಬರುವುದು.
ಮುಲಾಮುಗಳ ಹೆಸರು ನೆಂಟರ ಹೆಸರಿನಷ್ಟು ಬಾಯಿಪಾಠ:
ಬಂದರು, ಉಂಡರು, ಹೋದರು.

ಬಟ್ಟೆ ಒಗೆಯುವ ಎರ್ಲಿಂಡಾ ಎಂದೂ ಏನೂ ಕೇಳಿದವಳಲ್ಲ.
ಸೀಸನ್ ಮುಗಿದ ಮೇ ತಿಂಗಳ ಒಂದು ಮಂಗಳವಾರ,
ಹದಿನಾಲ್ಕು ಕೋಣೆಗೆ ಒಬ್ಬನೇ ಗಿರಾಕಿ, ಅವನೂ ಮಲಗಿದ್ದ.
ಬಾ, ಅಂದಳು.
ಅವಳ ಪಿಕಪ್ಪಿನ ಬಾಗಿಲು ಹೊರಗಿನಿಂದ ಮಾತ್ರ ತೆರೆಯುತ್ತದೆ.

ಆನೆ ನಡೆದದ್ದೇ ದಾರಿ ಅಂತಾರೆ.
ಈ ಆನೆ ನಡೆಯಲೇ ಇಲ್ಲ;
ದಾರಿಯೇ ಎದ್ದು ಇದರ ತನಕ ಬಂತು,
ಬಂದು, ಮುಂದೆ ಹೋಗುವ ಮನಸ್ಸಾಗದೆ
ಕಲ್ಲುಗಳ ನಡುವೆ ಕುಕ್ಕರಿಸಿತು.

ಗಿಡ್ಡ ಮರ. ಡೊಳ್ಳು ಬುಡ.
ಮಳೆ ಮಾತು ತಪ್ಪಿತೆಂದು ಎಲೆಯೆಲ್ಲ ಉದುರಿಸಿ ಕೂತಿತ್ತು.
ಮೈತುಂಬ ಸಿಪ್ಪೆ,
ಈರುಳ್ಳಿ ಹೊಟ್ಟಿನಷ್ಟು ತೆಳು,
ಬಿಸಿಗಾಳಿಗೆ ಪಟಪಟ ಬಡಿಯುತ್ತ
ಅರ್ಧ ಎದ್ದು ಅರ್ಧ ಅಂಟಿ
ಬಿಡಲೋ ಬೇಡವೋ ಎಂದು.

ಕೀಳುವ ಆಸೆ ನನಗೆ ಗೊತ್ತು.
ಉಗುರು ತಾನಾಗಿ ಅಂಚು ಹುಡುಕುತ್ತದೆ
ಟೀವಿಯ ಮುಂದೆ, ಫೋನಿನಲ್ಲಿ ಮಾತಾಡುವಾಗ,
ರಕ್ತ ಬಂದ ಮೇಲೇ ತಿಳಿಯುವುದು.
ಬೆರಳು ಚಾಚಿದೆ.
ಎರ್ಲಿಂಡಾ ಮಣಿಕಟ್ಟು ಹಿಡಿದಳು:
ತಾನಾಗಿ ಬೀಳಲಿ.
ಉಪದೇಶವೇನಲ್ಲ. ಪಾರ್ಕಿನ ನಿಯಮ.
ಕಿತ್ತರೆ ದಂಡ.

ಸಿಪ್ಪೆ ಕಳಚಿದಲ್ಲಿ ಹಸಿರು ತೊಗಲು.
ಎಲೆಗಳು ಬಿಟ್ಟುಹೋದ ಅಡಿಗೆಯನ್ನು
ತೊಗಲೇ ನಿಂತು ಮಾಡುತ್ತಿತ್ತು, ಬಿಸಿಲು ಒಲೆ.
ಗಾಯವಾದಲ್ಲಿ ಮಾತ್ರ ಕೆಂಪು ಅಂಟು.
ಬಗ್ಗಿ ಮೂಸಿದೆ:
ಕಿತ್ತಳೆ, ಬಣ್ಣದಂಗಡಿಯ ಟರ್ಪೆಂಟೈನ್,
ಅದರ ಅಡಿಯಲ್ಲಿ, ಬಹಳ ಅಡಿಯಲ್ಲಿ,
ಗುಗ್ಗುಳ.

ತಂಗಿಯ ಕೂಸಿಗೆ ಎರೆದ ಮೇಲೆ
ಕೆಂಡಕ್ಕೆ ಉದುರಿಸಿ, ಬುಟ್ಟಿ ಬೋರಲು ಹಾಕಿ,
ಹಿಡಿಯುತ್ತಿದ್ದ ಹೊಗೆ.
ನೀನು ಮುಟ್ಟಬೇಡ, ಎಳೆ ಮೈ, ಅಂದಿದ್ದರು.
ಬಾಗಿಲ ಸಂದಿಯಲ್ಲಿ ನಿಂತು
ನಾನು ಹೊಗೆಯನ್ನಷ್ಟೇ ಎತ್ತಿಕೊಂಡಿದ್ದೆ.

ಸೊನೋರಾದಲ್ಲಿ ಅವಳಜ್ಜಿಯೂ ಇದನ್ನು ಕೆಂಡಕ್ಕೆ ಹಾಕುತ್ತಿದ್ದಳಂತೆ.
ಟೊರೊತೆ, ಅಂದಳು ಮರದ ಹೆಸರು,
ನಾಲಿಗೆಯಲ್ಲಿ ಬೆಲ್ಲ ಹೊರಳಿಸಿದ ಹಾಗೆ.
ಯಾತಕ್ಕೆ ಹಾಕುತ್ತಿದ್ದಳು?
ಸತ್ತವರಿಗೆ, ಅಂದಳು. ತುಸು ತಡೆದು,
ಸೊಳ್ಳೆಗೂ.

ವಾಪಸು ಬರುವಾಗ ತೋಳು ಮಡಿಸಿದೆ.
ಸೆಖೆ, ಬೇರೇನೂ ಅಲ್ಲ.
ಎರ್ಲಿಂಡಾ ನೋಡಲಿಲ್ಲ, ರೇಡಿಯೊದಲ್ಲಿ ಬೇಸ್‌ಬಾಲು,
ಅವಳ ತಂಡ ಸೋಲುತ್ತಿತ್ತು.
ಡ್ಯಾಶ್‌ಬೋರ್ಡಿನ ಮೇಲೊಂದು ಚೂರು ಸಿಪ್ಪೆ
ಗುಂಡಿಗೊಮ್ಮೆ ಎಗರಿ
ಮತ್ತೆ ಅಲ್ಲೇ ಕೂತುಕೊಳ್ಳುತ್ತಿತ್ತು.
ಯಾರದೆಂದು ಇಬ್ಬರೂ ಕೇಳಲಿಲ್ಲ.