ಇವತ್ತಿನ ಲೆಕ್ಕ

ಮೆಂತ್ಯ ನಿಂತುಬಿಟ್ಟಿದ್ದಾಳೆ.
ಹಿಡಿಕೆಯಲ್ಲೇ ಗೊತ್ತಾಗುತ್ತದೆ:
ಎಳೆತವಿಲ್ಲ, ವಾಲುವುದಿಲ್ಲ, ನೆಟ್ಟ ಗೂಟ.
ಮುಂದೇನಿದೆ ಎಂದು ಹಾದುಹೋಗುವ ಸದ್ದನ್ನು ಕೇಳಿದೆ.
"ಏನಿಲ್ಲ ಮೇಡಂ, ಬರೀ ಜಾಲರಿ."

ಬರೀ ಜಾಲರಿ,
ಬೂಟು ಹಾಕಿದವರಿಗೆ.
ಕೆಳಗೆ ಮೆಟ್ರೊ ಬಂದಾಗೆಲ್ಲ ಗುರುಗುಟ್ಟುವ,
ಬಿಸಿ ಉಸಿರು ಬಿಡುವ,
ಉಗುರು ಸಿಕ್ಕಿಕೊಳ್ಳುವಷ್ಟೇ ಅಗಲ ಸೀಳಿದ ಕಬ್ಬಿಣದ ಮೇಲೆ
ಬರಿಗಾಲಲ್ಲಿ ಬಾ ಎಂದರೆ
ಅವಳಾದರೂ ಹೇಗೆ ಬರುತ್ತಾಳೆ?

ಜಯನಗರದಲ್ಲಿ ನಾಲ್ಕು ವರ್ಷ ಒಂದೇ ದಾರಿ.
ಕಾಫಿಪುಡಿ ಘಮ್ಮೆಂದಲ್ಲಿ ಎಡಕ್ಕೆ,
ಇಸ್ತ್ರಿಗಾಡಿಯ ಕೆಂಡ ಕೆನ್ನೆಗೆ ತಾಕಿದಲ್ಲಿ ಬಲಕ್ಕೆ,
ಬೊಗಳುವ ಬೀದಿನಾಯಿಗಳೂ ಗುರುತಿನವು.
ಈಗ ವಿಮಾ ಕಚೇರಿಯ ಆದೇಶ:
ಎಂ. ಸರಸಿಜ, ದೂರವಾಣಿ ವಿಭಾಗ,
ಮೆಜೆಸ್ಟಿಕ್ ಶಾಖೆಗೆ ವರ್ಗ.
ಮೆಂತ್ಯಳ ಹೆಸರು ಅದರಲ್ಲಿಲ್ಲ,
ವರ್ಗವಾದದ್ದು ಮಾತ್ರ ಹೆಚ್ಚಾಗಿ ಅವಳಿಗೇ.

ಕಣ್ಣಿದ್ದ ಕಾಲಕ್ಕೆ ನಾನಿಲ್ಲಿ ಸಿನಿಮಾ ನೋಡಿದ್ದೆ,
ತಂಗಿಯ ಜತೆ, ಎಪ್ಪತ್ತೈದು ಪೈಸೆಯ ಟಿಕೇಟು.
ತಲೆಯೊಳಗಿನ ಆ ನಕ್ಷೆಗೆ ಗೆದ್ದಲು ಹಿಡಿದಿದೆ.
ಟಾಕೀಸು ಇದ್ದಲ್ಲಿ ಈಗ ಏನಿದೆಯೋ,
ಎಸಿಯ ತಣ್ಣನೆ ಗಾಳಿಯೊಂದು ಬಾಗಿಲು ತೆರೆದು ಮುಚ್ಚುತ್ತದೆ.

ಹಿಂದಿನಿಂದ ಸಲಹೆಗಳು.
ಎತ್ಕೊಂಡು ಹೋಗಿ.
ಬಿಸ್ಕತ್ ಹಾಕಿ.
ಒಂದು ಬಿಟ್ರೆ ಬರುತ್ತೆ ನೋಡಿ.
ಯಾರೋ ಅವಳ ಬೆನ್ನನ್ನು ಮೊಣಕಾಲಲ್ಲಿ ದೂಡಿದರು,
ಬಾಲ ನನ್ನ ಕಾಲಸಂದಿಗೆ ಬಂದು ಅಡಗಿತು.

ತರಬೇತಿ ಕೊಟ್ಟ ಲಿಂಗರಾಜಪುರದ ಡೆನ್ಜಿಲ್ ಹೇಳಿದ್ದ:
ಹಿಡಿಕೆ ಅಂದ್ರೆ ಫೋನಿನ ತಂತಿ ಆಂಟಿ,
ನೀವು ಮಾತಾಡದೆ ಇದ್ರೂ ಆ ಕಡೆ ಕೇಳುತ್ತೆ.
ಮೂವತ್ತು ವರ್ಷ ಫೋನೆತ್ತಿದವಳಿಗೆ ಇದನ್ನು ಹೇಳಬೇಕೇ!
ಹಲೋ ಅನ್ನುವ ಮೊದಲೇ, ಉಸಿರಲ್ಲೇ ತಿಳಿಯುತ್ತದೆ ನನಗೆ
ಕಂತು ಕಟ್ಟಲಾಗದವರು ಯಾರು,
ಗಂಡ ತೀರಿಕೊಂಡದ್ದನ್ನು ಹೇಗೆ ಹೇಳುವುದೆಂದು ತಡವರಿಸುವವರು ಯಾರು.
ಇವತ್ತು ಆ ತುದಿಯಲ್ಲಿ ಮೆಂತ್ಯ,
ಈ ತುದಿಯಲ್ಲಿ ನನ್ನ ಬಿಗಿಮುಷ್ಟಿ.
ಅವಳು ಕೇಳಿಸಿಕೊಂಡದ್ದು ಜಾಲರಿಯನ್ನಲ್ಲವೇನೋ.

ಒಂದೊಂದೇ ಬೆರಳು ಸಡಿಲಿಸಿದೆ.
ಐದು ನಿಮಿಷ ಜಾಗ ಬಿಡ್ರಪ್ಪಾ ಎಂದೆ.
ಚಪ್ಪಲಿ ಕಳಚಿ ಬದಿಗಿಟ್ಟೆ.
"ದೇವಸ್ಥಾನವಾ ಮೇಡಂ?" ಯಾರೋ ನಕ್ಕರು, ನಾನೂ ನಕ್ಕೆ.
ಜಾಲರಿಯ ಮೇಲೆ ಹೆಜ್ಜೆಯಿಟ್ಟೆ.
ಅಬ್ಬಾ, ಕಚ್ಚುತ್ತದೆ.
ಅಂಗಾಲಿಗೆ ಸಾಲುಸಾಲು ಕಬ್ಬಿಣ,
ನಡುನಡುವೆ ಏನೂ ಇಲ್ಲ.
ಅಷ್ಟರಲ್ಲಿ ಕೆಳಗೆ ರೈಲು ಬಂತು,
ಚೂಡಿದಾರದೊಳಗೆ ಬಿಸಿಗಾಳಿ ನುಗ್ಗಿತು,
ನಾನೇ ಒಂದು ಹೆಜ್ಜೆ ಹಿಂದಕ್ಕೆ ಹಾರಿದೆ!

ಹೆದರಬೇಡ ಅಂತ ಹೇಳಲು ತೆರೆದ ಬಾಯಿ
ಮುಚ್ಚಿಕೊಂಡಿತು.
ನಿಜ ಕಣೇ, ಎಂದೆ. ಅಷ್ಟೆ.
ಮತ್ತೆ ಹೋಗಿ ನಿಂತೆ.
ಕೈಚೀಲದಲ್ಲಿ ಕ್ಯಾರೆಟ್ ತುಂಡು ಇತ್ತು, ತೋರಿಸಲಿಲ್ಲ.

ಎಷ್ಟು ಹೊತ್ತೋ. ಎರಡು ರೈಲಿನಷ್ಟು.
ಹಿಮ್ಮಡಿಗೆ ಒದ್ದೆ ಮೂಗು ತಾಕಿತು.
ಆಮೇಲೆ
ಟಿಕ್.
ಕಬ್ಬಿಣದ ಮೇಲೆ ಒಂದು ಉಗುರು.
ಟಿಕ್ ಟಿಕ್, ಮಿಕ್ಕ ಉಗುರುಗಳು.
ಒಂದು ಪಾದದಷ್ಟು ಮೆಂತ್ಯ ಜಾಲರಿಯ ಮೇಲಿದ್ದಳು.
ಮರುಕ್ಷಣ ಹಿಂದಕ್ಕೆಳೆದುಕೊಂಡಳು.

ಸಾಕು, ಬಂಗಾರಿ. ಕ್ಯಾರೆಟ್ ತಗೋ.
ನಾವು ಸುತ್ತುಬಳಸಿನ ಮೆಟ್ಟಿಲಲ್ಲಿ ಇಳಿದೆವು.

ಕಚೇರಿಯಲ್ಲಿ ಇಪ್ಪತ್ತೆಂಟು ನಿಮಿಷ ತಡ.
ಗುಮಾಸ್ತ ತಿಮ್ಮರಾಯಿ ರಿಜಿಸ್ಟರ್ ತೆರೆದ:
"ಕಾರಣ ಏನಂತ ಹಾಕ್ಲಿ ಮೇಡಂ, ಟ್ರಾಫಿಕ್ಕಾ?"
ಒಂದು ಪಾದ ಅಂತ ಬರಿ, ಎಂದೆ.
ಪೆನ್ನು ತಡೆಯಿತು, ಆಮೇಲೆ ಓಡಿತು.
ಟ್ರಾಫಿಕ್ ಅಂತಲೇ ಬರೆದಿರಬೇಕು, ಸದ್ದು ಅಷ್ಟುದ್ದವಿತ್ತು.

ಫೋನು ಬಡಿದುಕೊಳ್ಳುತ್ತಿದೆ.
ಮೇಜಿನ ಕೆಳಗೆ ಮೆಂತ್ಯ
ಪಾದ ನೆಕ್ಕಿಕೊಳ್ಳುತ್ತಿದ್ದಾಳೆ,
ಅದೇ ಪಾದವೋ, ಬೇರೆಯದೋ.